ಗಾಜಿನ ಫಲಕವೂ ಕಾಗದದ ಪ್ರತಿಯೂ

ನೆರಳುಬೆಳಕುಗಳನ್ನು ಹಿಡಿಯುವ ವಿದ್ಯೆ ಒಂದು. ಅದರಿಂದ ಅನ್ನ ಸಂಪಾದಿಸುವ ವಿದ್ಯೆ ಮತ್ತೊಂದು. ರಾಜಾ ದೀನ್ ದಯಾಳರು (1844–1905) ಎರಡನ್ನೂ ಬಲ್ಲವರು. ರೂರ್ಕಿಯಲ್ಲಿ ಎಂಜಿನಿಯರಿಂಗ್ ಕಲಿತು ಇಂದೋರಿನಲ್ಲಿ ಸರ್ಕಾರಿ ಸೇವೆಯಲ್ಲಿದ್ದವರು, ಸಂಬಳದ ಆಸರೆಯನ್ನು ತೊರೆದು ಛಾಯಾಚಿತ್ರವನ್ನೇ ನಂಬಿದರು. ಸಿಕಂದರಾಬಾದಿನಲ್ಲಿಯೂ, 1896ರಲ್ಲಿ ಮುಂಬಯಿಯಲ್ಲಿಯೂ ಅವರ ಸ್ಟುಡಿಯೋಗಳು ತೆರೆದವು. ಪ್ರಾಚೀನ ಕಟ್ಟಡಗಳ ಚಿತ್ರಗಳನ್ನೂ ಆಲ್ಬಮ್ಮುಗಳನ್ನೂ ಅರಸರು, ಆಂಗ್ಲ ಅಧಿಕಾರಿಗಳು ಕೊಂಡರು. ಅಂತಃಪುರದ ಸ್ತ್ರೀಯರು ಪುರುಷರ ಮುಂದೆ ಕುಳಿತುಕೊಳ್ಳರೆಂಬುದನ್ನು ಅರಿತು, 1892ರಲ್ಲಿ ಹೈದರಾಬಾದಿನಲ್ಲಿ ಆಂಗ್ಲ ಮಹಿಳೆಯೊಬ್ಬರ ಉಸ್ತುವಾರಿಯಲ್ಲಿ ಜನಾನಾ ಸ್ಟುಡಿಯೋವನ್ನು ಸ್ಥಾಪಿಸಿದರು. ವ್ಯಾಪಾರಬುದ್ಧಿಗೆ ಮರ್ಯಾದೆ ಕೂಡಿದ್ದು ಹೀಗೆ!

ಗಿರಾಕಿಯ ಕೈಗೆ ಹೋದದ್ದು ಕಾಗದದ ಪ್ರತಿ; ಸಂಖ್ಯೆ ಬರೆದ ಗಾಜಿನ ಮೂಲಫಲಕ ಸ್ಟುಡಿಯೋದಲ್ಲಿಯೇ ಉಳಿಯುತ್ತಿತ್ತು. ಅದೊಂದಿದ್ದರೆ ಎಷ್ಟು ಪ್ರತಿಗಳನ್ನಾದರೂ ಮುದ್ರಿಸಿ ಮಾರಬಹುದು. ಅದು ಒಡೆದರೆ ಅಂದಿನ ದುಡಿಮೆಯೊಡನೆ ನಾಳಿನ ಅನ್ನವೂ ಒಡೆದಂತೆ. ಹಾಗೆ ಒಡೆಯದೆ ಉಳಿದ 2,857 ಫಲಕಗಳು 1989ರಲ್ಲಿ ದೆಹಲಿಯ ಇಂದಿರಾ ಗಾಂಧಿ ರಾಷ್ಟ್ರೀಯ ಕಲಾ ಕೇಂದ್ರವನ್ನು ಸೇರಿದವು.