ಕೆರೆ ಕೆಳಗಿನ ಗದ್ದೆ

ಹಾವೇರಿ,
ಭಾನುವಾರ ರಾತ್ರಿ

ಪ್ರೀತಿಯ ತಮ್ಮನಿಗೆ,

ಗದ್ದೆ ಮಾರಲು ನೀನು ಕಳಿಸಿದ ಕಾಗದಪತ್ರ ಬಂದು ಎಂಟು ದಿನವಾಯಿತು. ಎಲ್ಲೆಲ್ಲಿ ಸಹಿ ಮಾಡಬೇಕೋ ಅಲ್ಲೆಲ್ಲ ಪೆನ್ಸಿಲ್ಲಿನಲ್ಲಿ ಗುರುತು ಹಾಕಿದ್ದೀ. ಎರಡು ಸಲ ಪೆನ್ನು ಹಿಡಿದು ಕೂತೆ, ಕೈ ಬರಲಿಲ್ಲ. ಫೋನು ಮಾಡಿದರೆ ನೀನು ಲೆಕ್ಕ ಹೇಳುತ್ತೀ, ನಾನು ಅಪ್ಪನನ್ನು ನೆನೆಸಿಕೊಂಡು ಅಳುತ್ತೇನೆ, ಮಾತು ಅಲ್ಲಿಗೇ ನಿಲ್ಲುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ನಿನಗೆ ಮನೆ ಬೇಡ ಅನ್ನುವವಳು ನಾನಲ್ಲ. ಮಂಗಳೂರಿನಲ್ಲಿ ಹನ್ನೊಂದು ವರ್ಷ ಬಾಡಿಗೆ ಕಟ್ಟಿ ನಾಲ್ಕು ಮನೆ ಬದಲಿಸಿದ್ದೀ. ಅಲ್ಲದೆ ನಾನಿರುವ ಮನೆಯಾದರೂ ಎಲ್ಲಿದೆ? 1997ರಲ್ಲಿ ಹಾವೇರಿ ಜಿಲ್ಲೆಯಾಯಿತು. ದೇವಗಿರಿಯಲ್ಲಿ ಜಿಲ್ಲಾಡಳಿತ ಭವನ ಎದ್ದಿತು, ಕಚೇರಿಯವರು ಬಂದರು, ಮೇಷ್ಟ್ರುಗಳು ಬಂದರು, ಎಲ್ಲರಿಗೂ ಸೂರು ಬೇಕಾಯಿತು. ಹೊಲಗಳು ಎನ್.ಎ. (ಕೃಷಿಯೇತರ) ಪ್ಲಾಟುಗಳಾದವು. ನಮ್ಮ ಮನೆಯವರೂ ಪಿ.ಎಫ್. ಹಣ ತೆಗೆದು ಅಂಥದ್ದೊಂದು ಪ್ಲಾಟು ಹಿಡಿದರು. ತಗ್ಗಿನ ಜಾಗ, ಹಿಂದೆ ಗದ್ದೆಯಿತ್ತು ಎಂದು ಗೊತ್ತಿದ್ದೂ ಹಿಡಿದೆವು, ಕೈಗೆ ಎಟುಕಿದ್ದು ಅದೊಂದೇ. ಟಿಪ್ಪರುಗಟ್ಟಲೆ ಗರಸು ಸುರಿದು, ಅದರ ಮೇಲೆ ಈ ಮನೆ.

2019ರ ಆಗಸ್ಟಿನ ಮಳೆ ನಿನಗೆ ಟಿ.ವಿ.ಯಲ್ಲಿ ಕಂಡಿದ್ದು. ವರದೆ ತುಂಬಿ ಹರಿದದ್ದನ್ನಷ್ಟೇ ತೋರಿಸಿದರು. ನಮ್ಮ ಮನೆಗೆ ಯಾವ ಹೊಳೆಯೂ ಬರಲಿಲ್ಲ, ನೀರು ನೆಲದೊಳಗಿಂದ ಬಂತು. ಬೆಳಗಿನ ಜಾವ ಎದ್ದರೆ ಟೈಲ್ಸಿನ ಸಂದಿಯಲ್ಲಿ ಸಣ್ಣಗೆ ಒಸರುತ್ತಿತ್ತು. ಅವ್ವ ಅಡಿಗೆಮನೆಯಲ್ಲಿ ದೀಪ ಹಾಕಿದವಳೇ "ಯವ್ವಾ, ಇದೇನ ರಗತ!" ಎಂದು ಚೀರಿದಳು. ಬ್ಯಾಡಗಿಯಿಂದ ತಂದು ಕುಟ್ಟಿಸಿಟ್ಟಿದ್ದ ವರ್ಷದ ಖಾರದ ಡಬ್ಬಿ ತೇಲಿ ಮಗುಚಿಬಿದ್ದು, ನೆಲವೆಲ್ಲ ಕೆಂಪು ನೀರು. ಆ ಕೆಂಪಿನೊಳಗೆ ಗದ್ದೆಯ ಏಡಿಯೊಂದು ಅಡ್ಡಡ್ಡ ನಡೆದು ಗ್ಯಾಸ್ ಸಿಲಿಂಡರ್ ಹಿಂದೆ ಹೋಯಿತು. ಪ್ಲಾಟು ಮಾರಿದವರ ನಂಬರು ಆ ಹೊತ್ತಿಗೆ ಸ್ವಿಚ್ ಆಫ್. ಆ ಏಡಿಯ ಮೇಲೆ ಮಾತ್ರ ನನಗೆ ಸಿಟ್ಟು ಬರಲಿಲ್ಲ. ಅದು ತನ್ನ ಹಳೇ ಮನೆಗೆ ಬಂದಿತ್ತು.

ಈಗ ಊರ ಕೆರೆ ಕೆಳಗಿನ 1 ಎಕರೆ 10 ಗುಂಟೆ ಗದ್ದೆಯನ್ನು ಹಾಗೇ ಪ್ಲಾಟು ಮಾಡಲು ಕೊಡೋಣ ಅನ್ನುತ್ತೀ. ಏಜೆಂಟ ನಕ್ಷೆ ತಂದು ತೋರಿಸಿದ. ಕೋಡಿ ಬಿದ್ದಾಗ ನೀರು ಹರಿಯುವ ಹಳ್ಳ ನಕ್ಷೆಯಲ್ಲಿ 30 ಅಡಿ ರಸ್ತೆಯಾಗಿದೆ. "ನೀರು ಬಂದರ ಎಲ್ಲಿ ಹೋಗಬೇಕ್ರೀ?" ಅಂದೆ. "ಗಟಾರ ಐತಲ್ರೀ ಅಕ್ಕಾರ" ಅಂದ. ಒಂದು ಎಕರೆ ಗದ್ದೆಯ ಬದುಗಳ ನಡುವೆ 10 ಸೆಂಟಿಮೀಟರ್ ನೀರು ನಿಂತರೆ 4 ಲಕ್ಷ ಲೀಟರ್ ಆಗುತ್ತದೆ. 5 ಸಾವಿರ ಲೀಟರಿನ 80 ಟ್ಯಾಂಕರು. ಅವನ ಗಟಾರ ಎರಡಡಿ ಅಗಲ.

ಕಾಯ್ದೆ ಕೇಳಬೇಡ. ಕೆರೆಯಂಗಳ ಒತ್ತಿದರೆ ಕೇಳುವುದಕ್ಕೆ ರಾಜ್ಯದ 2014ರ ಕೆರೆ ಪ್ರಾಧಿಕಾರದ ಕಾಯ್ದೆಯಿದೆ. ನಮ್ಮ ರಾಣೇಬೆನ್ನೂರಿನ ಕೋಳಿವಾಡರೇ ಅಧ್ಯಕ್ಷರಾಗಿದ್ದ ಸದನ ಸಮಿತಿ, ಬೆಂಗಳೂರಿನ ಸುತ್ತ 10 ಸಾವಿರ ಎಕರೆಗೂ ಮೀರಿ ಕೆರೆ ಜಾಗ ಒತ್ತುವರಿಯಾಗಿದೆ ಎಂದು 2017ರಲ್ಲಿ ವರದಿ ಕೊಟ್ಟಿತು. ಆದರೆ ಕೆರೆಯ ಕೆಳಗಿನ ಗದ್ದೆಯ ಪರವಾಗಿ ಮಾತಾಡುವವರು ಯಾರು? ಕೇಂದ್ರದ 2017ರ ಜೌಗುಭೂಮಿ ನಿಯಮ ತೆಗೆದು ನೋಡು: ಭತ್ತದ ಗದ್ದೆಗಳು ಜೌಗುಭೂಮಿಯಲ್ಲ. ಕುಡಿಯುವ ನೀರಿಗೆ, ನೀರಾವರಿಗೆ ಎಂದು ಜನ ಕಟ್ಟಿಕೊಂಡ ಕೆರೆಯೂ ಅಲ್ಲ. ಹಾಗಂದಮೇಲೆ ನಮ್ಮ ಸೀಮೆಯಲ್ಲಿ ಉಳಿದದ್ದೇನು? ಪಕ್ಕದ ಗದಗ ಜಿಲ್ಲೆಯ ಮಾಗಡಿ ಕೆರೆಯೂ ಜನ ಕಟ್ಟಿದ್ದೇ. ಪಟ್ಟೆತಲೆಯ ಹೆಬ್ಬಾತುಗಳು ಬಂದು ಇಳಿದದ್ದಕ್ಕೆ 2024ರಲ್ಲಿ ಅದು ಜೌಗುಭೂಮಿಗಳ ರಾಮ್ಸಾರ್ ಪಟ್ಟಿ ಸೇರಿತು. ನಮ್ಮ ಗದ್ದೆಗೆ ಬರುವುದು ಬರೀ ಬೆಳ್ಳಕ್ಕಿ.

ಆ ಹಣದಲ್ಲಿ ನೀನು ಕೊಳ್ಳುವ ಫ್ಲ್ಯಾಟಿನ ವಿಡಿಯೋವನ್ನೂ ನೋಡಿದೆ. ಬಾಲ್ಕನಿಯಿಂದ ಹಸಿರು ಕಾಣುತ್ತದೆ ಎಂದು ನೀನು ತೋರಿಸಿದೆ. ನನಗೆ ಕಂಡಿದ್ದು ಕಂಪೌಂಡಿನಾಚೆ ಅರ್ಧ ತುಂಬಿದ ಗದ್ದೆ, ಅದರಲ್ಲಿ ಕೆಂಪು ಮಣ್ಣಿನ ಗುಪ್ಪೆಗಳು. ಆ ಕಡೆಯವರು ಗದ್ದೆಗೆ ಬೈಲು, ಮಜಲು, ಬೆಟ್ಟು ಎಂದು ಮೂರು ಹೆಸರಿಟ್ಟಿದ್ದಾರೆಂದು ನೀನೇ ನನಗೆ ಹೇಳಿದವನು. ಬೈಲೆಂದರೆ ಎಲ್ಲಕ್ಕಿಂತ ಕೆಳಗಿನದು, ನೀರು ಬಿಡದ ಜಾಗ. ಹೆಸರಲ್ಲೇ ಬೈಲಿರುವ ಕಡೆ ನೆಲಮಾಳಿಗೆಯಲ್ಲಿ ಕಾರು ನಿಲ್ಲಿಸಲು ಹೊರಟಿದ್ದೀಯಲ್ಲೋ! 2018ರ ಮೇ 29ರಂದು ಕೊಟ್ಟಾರ ಚೌಕಿಯಲ್ಲಿ ಸೊಂಟದ ಮಟ್ಟ ನೀರಲ್ಲಿ ನಿಂತು ಫೋನು ಮಾಡಿದ್ದನ್ನು ಇಷ್ಟು ಬೇಗ ಮರೆತೆಯಾ? ಗುಡ್ಡ ಕಡಿದು ಬೈಲಿಗೆ ಸುರಿದರೆ ಎರಡೂ ಹೋದವು. ಕಡಿದ ಗುಡ್ಡ ಜರಿಯುತ್ತದೆ, ತುಂಬಿದ ಬೈಲಿನ ನೀರು ಪಕ್ಕದವನ ಅಂಗಳ ಹುಡುಕುತ್ತದೆ.

ನಿನ್ನ ಹೆಂಡತಿಯ ತವರು ಕುಂಬಳೆ, ಅಲ್ಲಿ ಕೇಳು. ತಲಪಾಡಿ ದಾಟಿದರೆ ಕೇರಳದ 2008ರ ಗದ್ದೆ ಕಾಯ್ದೆ ಬರುತ್ತದೆ. ಗದ್ದೆ ತುಂಬುವಂತಿಲ್ಲ. ಬೇರೆ ಜಾಗವೇ ಇಲ್ಲದವನು ತಾನಿರಲು ಮನೆ ಕಟ್ಟುವುದಾದರೆ ಪಂಚಾಯಿತಿಯಲ್ಲಿ 10 ಸೆಂಟ್ಸ್, ಪಟ್ಟಣದಲ್ಲಿ 5 ಸೆಂಟ್ಸ್ ಮಟ್ಟಿಗೆ ಅನುಮತಿ ಕೇಳಬಹುದು. 10 ಸೆಂಟ್ಸ್ ಎಂದರೆ ನಮ್ಮ 4 ಗುಂಟೆ. ಅದರಲ್ಲೂ 2018ರ ತಿದ್ದುಪಡಿಯಲ್ಲಿ, ಮೊದಲೇ ತುಂಬಿದ್ದ ಜಾಗಕ್ಕೆ ಹಣ ಕಟ್ಟಿ ಪಾರಾಗುವ ದಾರಿ ಮಾಡಿಕೊಟ್ಟರು ಅನ್ನು. ಆದರೂ ಇರಲು ಕಟ್ಟುವವನು ಬೇರೆ, ಮಾರಲು ಕಟ್ಟುವವನು ಬೇರೆ ಎಂದು ಕಾಗದದ ಮೇಲೆ ಬರೆದಿಟ್ಟರಲ್ಲ, ಅದು ನನಗೆ ಹಿಡಿಸಿತು. ನಮ್ಮಲ್ಲಿ ಗದ್ದೆಯ ಮುಂದಿರುವುದು ಎನ್.ಎ. ಎಂಬ ಒಂದೇ ಬಾಗಿಲು. ಅದು ತೆರೆದರೆ ಇಬ್ಬರೂ ಒಂದೇ.

ನಾನು ಯೋಚಿಸಿರುವುದು ಇಷ್ಟು. ದಿಣ್ಣೆಯ ಮೇಲೆ, ಡಾಂಬರು ರಸ್ತೆಗೆ ಹತ್ತಿದ 20 ಗುಂಟೆ ಖುಷ್ಕಿ ಇದೆಯಲ್ಲ, ಅದನ್ನು ಮಾರು. ಅಲ್ಲಿ ಮನೆಗಳಾಗಲಿ, ಆಗಬೇಕು ಕೂಡ. ನಮ್ಮ ಓಣಿಯಲ್ಲಿ ಪಾತ್ರೆ ತೊಳೆಯಲು ಬರುವಾಕೆ ಮೂರು ಮಕ್ಕಳನ್ನು ಕಟ್ಟಿಕೊಂಡು ಒಂದು ಕೋಣೆಯಲ್ಲಿದ್ದಾಳೆ, ಆಕೆಗೆ ಬೆಳ್ಳಕ್ಕಿಯ ಕಥೆ ಹೇಳುವ ಬಾಯಿ ನನಗಿಲ್ಲ. ನನ್ನ ಪಾಲಿನ ಹಣವನ್ನೂ ನೀನೇ ತಗೋ. ಗದ್ದೆಯಷ್ಟು ಬೆಲೆ ಅದಕ್ಕೆ ಬರುವುದಿಲ್ಲ, ಗೊತ್ತು. ಒಂದು ಕೋಣೆ ಕಡಿಮೆ ಇರುವ ಮನೆ ನೋಡು, ಬೆಟ್ಟು ಅಂತಲೋ ಪದವು ಅಂತಲೋ ಹೆಸರಿರುವ ಎತ್ತರದ ಕಡೆ. ಕೆರೆ ಕೆಳಗಿನ ಗದ್ದೆಯ ಉತಾರದಲ್ಲಿ ಮೂರು ಹೆಸರಿವೆ: ಅವ್ವ, ನೀನು, ನಾನು. ಅವ್ವನನ್ನು ನೀನು ಒಪ್ಪಿಸಬಹುದು, ನೀನೆಂದರೆ ಅವಳಿಗೆ ಕರುಳು. ನಾನು ಮಾತ್ರ ಸಹಿ ಹಾಕುವುದಿಲ್ಲ. ಸಿಟ್ಟಾದರೆ ಆಗು, ಪಂಚಮಿಗೆ ಕರೆಯಲು ಬರುವುದನ್ನು ಮಾತ್ರ ತಪ್ಪಿಸಬೇಡ.

ಅವ್ವ ಈ ವರ್ಷದ ಖಾರ ಕುಟ್ಟಿಸಿದ್ದಾಳೆ, ನಾಳೆ ಮಂಗಳೂರು ಬಸ್ಸಿಗೆ ಹಾಕಿಸುತ್ತೇನೆ. ನಿನ್ನ ಈಗಿನ ಮನೆಯೂ ಕೆಳ ಅಂತಸ್ತಿನದು. ಡಬ್ಬಿಯನ್ನು ನೆಲದ ಮೇಲಿಡಬೇಡ, ಅಟ್ಟದ ಮೇಲಿಡು.

ನಿನ್ನ
ಅಕ್ಕ