ಮಾಕಳಿ ಬೆಟ್ಟದಲ್ಲಿ ಹಿಂದೆ ಬಿದ್ದವರು

ಹಿಂದೂಪುರದ ಕಡೆ ಹೋಗುವ ಬೆಳಗಿನ ಮೆಮು ರೈಲಿಗೆ ಭಾನುವಾರ ಎರಡು ಥರದ ಜನ ಹತ್ತುತ್ತಾರೆ. ಘಾಟಿ ಸುಬ್ರಹ್ಮಣ್ಯಕ್ಕೋ ವಿದುರಾಶ್ವತ್ಥಕ್ಕೋ ಹರಕೆ ಹೊತ್ತವರು ಒಂದು ಕಡೆ: ಸ್ಟೀಲ್ ಡಬ್ಬಿ, ಹೂವಿನ ಕವರು, ನಿದ್ದೆಗಣ್ಣಿನ ಮಕ್ಕಳು. ಇನ್ನೊಂದು ಕಡೆ, ಬೆನ್ನಿಗೆ ಚೀಲ ಏರಿಸಿ, ಮೊಬೈಲ್ ಕೈಯಲ್ಲಿ ಹಿಡಿದು, 'ನೀವೂ ಮಾಕಳಿದುರ್ಗ ಗ್ರೂಪಾ?' ಎಂದು ಗುರುತಿಲ್ಲದ ಮುಖಗಳನ್ನು ಕೇಳುತ್ತಾ ಓಡಾಡುವವರು. ಯಶವಂತಪುರದಲ್ಲಿ ಹತ್ತಿದ ನಾನು ಎರಡನೆಯ ಪೈಕಿ. ಆದರೆ ಕೈಯಲ್ಲಿ ಚಿತ್ರಾನ್ನದ ಡಬ್ಬಿ ಇತ್ತು, ವಯಸ್ಸೂ ಐವತ್ತು ದಾಟಿದೆ. ಹರಕೆಯವರು ನನ್ನನ್ನು ತಮ್ಮವಳೆಂದೇ ತಿಳಿದು ಸರಿದು ಜಾಗ ಕೊಟ್ಟರು.

ಲೊಟ್ಟೆಗೊಲ್ಲಹಳ್ಳಿ, ಕೊಡಿಗೇಹಳ್ಳಿ, ಯಲಹಂಕ. ಒಂದೊಂದು ಸ್ಟೇಷನ್ನಿನಲ್ಲೂ ನಮ್ಮ ಗುಂಪಿನವರು ಇಬ್ಬಿಬ್ಬರು ಮೂವರು ಹತ್ತಿಕೊಂಡರು. ಈ ಗುಂಪಿನಲ್ಲಿ ನನಗೆ ಹಿಡಿಸಿದ್ದೇ ಅದು. ಎಲ್ಲರೂ ಉತ್ತರ ಬೆಂಗಳೂರಿನವರು. ತಿಂಗಳಿಗೊಮ್ಮೆ ಬೆಟ್ಟ, ಉಳಿದ ಭಾನುವಾರ ಆವಲಹಳ್ಳಿ ಕಾಡಿನಲ್ಲೋ ಜಕ್ಕೂರು ಕೆರೆಯ ಏರಿಯ ಮೇಲೋ ನಡಿಗೆ. ದುಡ್ಡು ಮಾಡುವ ಸಂಘಟಕರಿಲ್ಲ, ಟೀ ಶರ್ಟಿಲ್ಲ, ಖರ್ಚನ್ನು ಹಂಚಿಕೊಳ್ಳುವುದು ಅಷ್ಟೆ.

ಇದಕ್ಕೆ ಮೊದಲು ನಾನು ವಾರಾಂತ್ಯದ ಟ್ರೆಕ್ಕಿಂಗ್ ಬಸ್ಸುಗಳನ್ನೂ ಹತ್ತಿದವಳೇ. ಆರ್.ಟಿ. ನಗರದ ನಮ್ಮ ಅಪಾರ್ಟ್‌ಮೆಂಟಿನಲ್ಲಿ ನನ್ನ ಹೆಸರು 'ಮುನ್ನೂರ ನಾಲ್ಕು'. ಮಗಳು ಪುಣೆಗೆ ಹೋದ ಮೇಲೆ ಮನೆಯಲ್ಲಿ ಮಾತಾಡುತ್ತಿದ್ದದ್ದು ಕುಕ್ಕರ್ ಮಾತ್ರ. ಹಾಗಾಗಿ ರಾತ್ರಿ ಬಸ್ಸು ಹತ್ತಿ, ಬೆಳಗಿನ ಜಾವ ಪಶ್ಚಿಮ ಘಟ್ಟದಲ್ಲಿ ಇಳಿದು, ವೃತ್ತಾಕಾರವಾಗಿ ನಿಂತು 'ನಿಮ್ಮ ಹೆಸರು, ನಿಮ್ಮ ಹವ್ಯಾಸ' ಆಟವನ್ನೂ ಆಡಿದ್ದೇನೆ. ಬೆಟ್ಟದ ಮೇಲೆ ಎಲ್ಲರೂ ಆತ್ಮೀಯರೇ. ಆದರೆ ಒಬ್ಬರು ಎಲೆಕ್ಟ್ರಾನಿಕ್ ಸಿಟಿ, ಒಬ್ಬರು ವೈಟ್‌ಫೀಲ್ಡ್, ಒಬ್ಬರು ಕೆಂಗೇರಿ. ಕೊಡಚಾದ್ರಿಯ ನೆತ್ತಿಯಲ್ಲಿ ತಬ್ಬಿಕೊಂಡವರು ಸಿಲ್ಕ್ ಬೋರ್ಡ್ ದಾಟಿ ಕಾಫಿಗೆ ಬರುವುದಿಲ್ಲ. ಬೆಂಗಳೂರಿನಲ್ಲಿ ಗೆಳೆತನದ ಮೊದಲ ಶತ್ರು ಟ್ರಾಫಿಕ್ಕು. ಬೆಟ್ಟ ಎಷ್ಟು ಚೆನ್ನಾಗಿದೆ ಅನ್ನುವುದು ಆಮೇಲಿನ ಮಾತು.

ರಾಜಾನುಕುಂಟೆ ದಾಟಿದ ಮೇಲೆ ಎದುರಿಗೆ ಕೂತಿದ್ದ ಅಜ್ಜಿ ವಿಚಾರಣೆ ಶುರುಮಾಡಿದರು.

"ಏನಮ್ಮ, ಘಾಟಿಗಾ?"

"ಇಲ್ಲಜ್ಜಿ, ಮಾಕಳಿ ಬೆಟ್ಟಕ್ಕೆ."

"ಹರಕೇನಾ?"

"ಇಲ್ಲ, ಸುಮ್ನೆ."

"ಸುಮ್ನೆ ಯಾರಾದ್ರೂ ಬೆಟ್ಟ ಹತ್ತುತಾರಾ?" ಎಂದು ತಮ್ಮ ಚೀಲದಿಂದ ಒಂದು ತೆಂಗಿನಕಾಯಿ ತೆಗೆದು ನನ್ನ ಮಡಿಲಿಗೆ ಹಾಕಿದರು. "ಮ್ಯಾಲೆ ಶಿವ ಅವ್ನೆ. ಹತ್ತಿದ್ಮೇಲೆ ಒಂದು ಕಾಯಿನಾದ್ರೂ ಒಡ್ಸು."

ಅಜ್ಜಿಯ ಪ್ರಶ್ನೆ ನ್ಯಾಯವಾದದ್ದೇ. ಗುಂಪು ಕಟ್ಟಿಕೊಂಡು ನಡೆಯುವುದು ನಮಗೇನು ಹೊಸದಲ್ಲ. ಕಾರಣವಿಲ್ಲದೆ ನಡೆಯುವುದು ಹೊಸದು. ಶಿವರಾತ್ರಿಗೆ ಬೆಂಗಳೂರಿನಿಂದ ಧರ್ಮಸ್ಥಳಕ್ಕೆ ಪಾದಯಾತ್ರೆ ಹೋಗುವವರು, ಆಷಾಢದಲ್ಲಿ ನಂದಿ ಗಿರಿಪ್ರದಕ್ಷಿಣೆ ಹಾಕುವವರು, ಇವರೆಲ್ಲ ಹೊರಡುವಾಗ ಅಪರಿಚಿತರಾಗಿದ್ದು ವಾಪಸ್ಸಾಗುವಾಗ ಬೀಗರಾದ ಕಥೆಗಳು ಬೇಕಾದಷ್ಟಿವೆ. ದೇವರಿಲ್ಲದ ನಡಿಗೆಗೂ ನಮ್ಮಲ್ಲಿ ಹಿರಿಯರಿದ್ದಾರೆ. ಬಿ.ಜಿ.ಎಲ್. ಸ್ವಾಮಿಯವರು ವಿದ್ಯಾರ್ಥಿಗಳ ದಂಡು ಕಟ್ಟಿಕೊಂಡು ಗಿಡ ಹುಡುಕಿ ಕಾಡುಮೇಡು ಅಲೆದದ್ದೇ 'ಹಸುರು ಹೊನ್ನು' ಆಯಿತು. 1978ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅದರಲ್ಲಿ ಗಿಡದಷ್ಟೇ ಜಾಗ ಜೊತೆಗಿದ್ದವರ ತರಲೆಗೂ ಇದೆ.

ದೊಡ್ಡಬಳ್ಳಾಪುರ, ವಡ್ಡರಹಳ್ಳಿ ಕಳೆದು ಮಾಕಳಿದುರ್ಗ. ಸಣ್ಣ ಸ್ಟೇಷನ್ನು. ಇಳಿದವರು ಹಳಿಯ ಪಕ್ಕದಲ್ಲೇ ಬೆಟ್ಟದ ಬುಡಕ್ಕೆ ನಡೆಯುವುದು ಇಲ್ಲಿ ಹಳೆಯ ಚಾಳಿ. ಫೋಟೋ ಚೆನ್ನಾಗಿ ಬರುತ್ತದೆ, ನಿಜ. ರೈಲ್ವೆ ಕಾಯ್ದೆ 1989ರ 147ನೇ ಸೆಕ್ಷನ್ ಪ್ರಕಾರ ಅದು ಅಪರಾಧವೂ ಹೌದು, ತಿರುವಿನಲ್ಲಿ ಬರುವ ರೈಲು ಕಾಣುವುದೂ ಇಲ್ಲ. ನಮ್ಮ ಗುಂಪಿನಲ್ಲಿ ಯಲಹಂಕದ ರೈಲು ಗಾಲಿ ಕಾರ್ಖಾನೆಯಿಂದ ನಿವೃತ್ತರಾದ ಒಬ್ಬರಿದ್ದರು. "ಹಳಿ ಮೇಲೆ ಹೋಗೋದಾದ್ರೆ ನಾನು ಇಲ್ಲೇ ಕೂತ್ಕೋತೀನಿ" ಎಂದು ಬೆಂಚಿನ ಮೇಲೆ ಕೂತೇಬಿಟ್ಟರು. ಎಲ್ಲರೂ ಸುತ್ತು ದಾರಿ ಹಿಡಿದೆವು.

ಬುಡದಲ್ಲಿ ಅರಣ್ಯ ಇಲಾಖೆಯವರ ತಪಾಸಣೆ. ಆನ್‌ಲೈನ್ ಟಿಕೆಟ್ಟು, ಗುರುತಿನ ಚೀಟಿ, ಪ್ಲಾಸ್ಟಿಕ್ ಬಾಟಲಿಗಳ ಲೆಕ್ಕ. 2024ರ ಜನವರಿಯಲ್ಲಿ ಕುಮಾರಪರ್ವತಕ್ಕೆ ಸಾವಿರಾರು ಜನ ಒಮ್ಮೆಗೇ ನುಗ್ಗಿದ ಮೇಲೆ ಸರ್ಕಾರ ಬಿಗಿ ಮಾಡಿತು. ಅದೇ ವರ್ಷ ಚಾರಣದ ಟಿಕೆಟ್ಟುಗಳನ್ನೆಲ್ಲ ಒಂದೇ ಜಾಲತಾಣಕ್ಕೆ ತಂದು, ಒಂದು ಬೆಟ್ಟಕ್ಕೆ ದಿನಕ್ಕೆ ಇಷ್ಟೇ ಜನ ಎಂದು ಮಿತಿ ಹಾಕಿತು. ಗೊಣಗುವವರಿದ್ದಾರೆ. ನನಗಂತೂ ಮಿತಿಯೇ ವಾಸಿ ಅನ್ನಿಸುತ್ತದೆ. ಜಾತ್ರೆಯಂಥ ಸಾಲಿನಲ್ಲಿ ಮುಂದಿನವರ ಬೆನ್ನುಚೀಲ ನೋಡುತ್ತಾ ಹತ್ತುವುದಕ್ಕೆ ಮೆಜೆಸ್ಟಿಕ್ಕಿನ ಮೆಟ್ಟಿಲುಗಳೇ ಸಾಕು.

ಹತ್ತಲು ಶುರುಮಾಡಿದ ಸ್ವಲ್ಪ ಹೊತ್ತಿಗೇ ಗುಂಪು ಎರಡಾಯಿತು. ಕಾಲಲ್ಲಿ ಕಸುವಿದ್ದವರು ಬಂಡೆಯಿಂದ ಬಂಡೆಗೆ ನೆಗೆದು ಮಾಯವಾದರು. ಇಂಥ ಗುಂಪುಗಳಲ್ಲಿ ಎಲ್ಲರಿಗಿಂತ ಹಿಂದೆ ನಡೆಯಲು ಒಬ್ಬರನ್ನು ನೇಮಿಸಿರುತ್ತಾರೆ. ಅವರನ್ನು ಸ್ವೀಪ್ ಅನ್ನುತ್ತಾರೆ. ಅವರಿಗಿಂತ ಹಿಂದೆ ಯಾರೂ ಉಳಿಯಕೂಡದು. ಗುಂಪು ಒಳ್ಳೆಯದೋ ಕೆಟ್ಟದ್ದೋ ಅಂತ ನೋಡುವುದಕ್ಕೆ ಇದೊಂದೇ ಸಾಕು. ಯಾರನ್ನೂ ನೇಮಿಸದೆ 'ಮೇಲೆ ಸಿಗೋಣ' ಅನ್ನುವವರ ಜೊತೆ, ಅದರಲ್ಲೂ ಒಂಟಿ ಹೆಂಗಸರು, ಹೋಗದಿರುವುದೇ ಕ್ಷೇಮ. ಅವತ್ತಿನ ಸ್ವೀಪು ಜಿಕೆವಿಕೆಯಲ್ಲಿ ಕೃಷಿ ಎಂ.ಎಸ್ಸಿ. ಓದುತ್ತಿದ್ದ, ಸಹಕಾರನಗರದ ಪಿ.ಜಿ.ಯಲ್ಲಿದ್ದ ಮಳವಳ್ಳಿ ಕಡೆಯ ಹುಡುಗಿ. ಅವಳ ಪಾಲಿಗೆ ಬಂದವರು ಮೂವರು: ಮಂಡಿ ನೋವಿನ ಗಾಲಿ ಕಾರ್ಖಾನೆಯ ಸಾರ್, ನಾನು, ಮತ್ತು ಆಫೀಸಿಗೆ ಹಾಕುವ ನುಣುಪು ಶೂ ಹಾಕಿಕೊಂಡು ಬಂದು ಹೆಜ್ಜೆಗೊಮ್ಮೆ ಜಾರುತ್ತಿದ್ದ ಹಾವೇರಿಯ ಹುಡುಗ. ನಾಗವಾರದ ಟೆಕ್ ಪಾರ್ಕಿನಲ್ಲಿ ಅವನ ಕೆಲಸ.

"ಏನ್ರೀ ಇದು, ಗುಡ್ಡ ಅಂದ್ರ ನಮ್ಮೂರ ಕಡೀ ಹುಲ್ಲಿನ ಗುಡ್ಡ ಇರ್ತಾವ್ರಿ. ಇದು ಬರೇ ಕಲ್ಲು!" ಎಂದು ಕೂತ.

"ಶೂ ಬಿಚ್ಚಿ ಬರಿಗಾಲಲ್ಲಿ ಬಾ ಅಣ್ಣ," ಅಂದಳು ಹುಡುಗಿ. ಬಿಚ್ಚಿದ. ಆಮೇಲೆ ಜಾರಲಿಲ್ಲ. ಶೂ ಎರಡನ್ನೂ ಲೇಸು ಕಟ್ಟಿ ಕೊರಳಿಗೆ ಹಾಕಿಕೊಂಡು, ಬಿಸಿಲೇರುವವರೆಗೂ ನಮಗಿಂತ ಚುರುಕಾಗಿಯೇ ಹತ್ತಿದ.

ಹಿಂದೆ ಬಿದ್ದವರಿಗೆ ಏನೆಲ್ಲ ಸಿಗುತ್ತದೆ ಅನ್ನುವುದು ಮುಂದೆ ಓಡಿದವರಿಗೆ ಗೊತ್ತಾಗುವುದಿಲ್ಲ. ದಮ್ಮು ಹತ್ತಿದಾಗ ನಿಲ್ಲಬೇಕು. ನಿಂತಾಗ ಏನಾದರೂ ಮಾತು ಬೇಕು. ಹುಡುಗಿ ಬಂದರೆ ಗಿಡದ ಎಲೆಯನ್ನು ಕಿತ್ತು ಉಜ್ಜಿ ಮೂಸಲು ಕೊಟ್ಟಳು, ಅಂಟಂಟಾದ ಒಗರು ವಾಸನೆ. ತಂಗಡಿಯ ಹಳದಿ ಹೂವು ತೋರಿಸಿದಳು. ಲಂಟಾನ ಕಂಡಲ್ಲೆಲ್ಲ ಬೈದಳು. ನಾನು ಬ್ಯಾಂಕಿನ ಕೌಂಟರಿನಲ್ಲಿ ಕಳೆದ ವರ್ಷಗಳ ಕಥೆ ಹೇಳಿದೆ. ಹಾವೇರಿಯವನು, ರೂಮಿನಲ್ಲಿರುವ ಮೂವರೂ ಬೇರೆ ಬೇರೆ ರಾಜ್ಯದವರು, ಊರ ಮಾತು ಆಡಬೇಕೆಂದರೆ ಅವ್ವನಿಗೆ ಫೋನ್ ಹಚ್ಚಬೇಕು ಎಂದ. ಎದುರುಬದುರು ಕೂತು ಕೇಳಿದ್ದರೆ ಇದನ್ನೆಲ್ಲ ಯಾರೂ ಹೇಳುತ್ತಿರಲಿಲ್ಲ. ಕಣ್ಣು ಮುಂದಿನ ಹೆಜ್ಜೆಯ ಮೇಲಿದ್ದಾಗ ಬಾಯಿಗೆ ಕಾವಲಿರುವುದಿಲ್ಲ.

ಕೋಟೆಯ ಹಳೆಯ ಗೋಡೆ ದಾಟಿ ನೆತ್ತಿ ಸೇರುವ ಹೊತ್ತಿಗೆ ಮುಂದೆ ಹೋದವರು ತಿಂಡಿ ಮುಗಿಸಿ ಮಲಗಿದ್ದರು. ಮೇಲೆ ಸಣ್ಣ ಶಿವನ ಗುಡಿ, ನಂದಿ. ಮಾರ್ಕಂಡೇಯ ಋಷಿ ತಪಸ್ಸು ಮಾಡಿದ ಜಾಗ ಎಂಬ ಐತಿಹ್ಯ ಇದಕ್ಕಿದೆ. ಅಜ್ಜಿಯ ಕಾಯಿಯನ್ನು ಸಾರ್ ಕಲ್ಲಿಗೆ ಒಡೆದರು. ಹೋಳನ್ನು ಚೂರು ಮಾಡಲು ಯಾರ ಬಳಿಯೂ ಚಾಕು ಇರಲಿಲ್ಲ. ಹಾವೇರಿಯವನು ಹಲ್ಲಿನಿಂದಲೇ ಬಿಡಿಸಿ ಹಂಚಿದ. ಅವನ ಡಬ್ಬಿಯಲ್ಲಿ ಶೇಂಗಾ ಚಟ್ನಿ, ಕಟಕ ರೊಟ್ಟಿ. ಚಿತ್ರಾನ್ನಕ್ಕೆ ಶೇಂಗಾ ಚಟ್ನಿ ಇಷ್ಟು ಹೊಂದುತ್ತದೆಂದು ನನಗೆ ಗೊತ್ತಿರಲಿಲ್ಲ.

ಕೆಳಗೆ ಗುಂಡಮಗೆರೆ ಕೆರೆ ಬಿಸಿಲಿಗೆ ಹೊಳೆಯುತ್ತಿತ್ತು. ಬೆಟ್ಟವನ್ನು ಬಳಸಿಕೊಂಡು ಒಂದು ಗೂಡ್ಸ್ ರೈಲು ಬಂತು. ಎಲ್ಲರೂ ಮೊಬೈಲ್ ಎತ್ತಿದರು. ಸಾರ್ ಮಾತ್ರ ಕಿವಿ ಕೊಟ್ಟು ಕೂತಿದ್ದರು.

"ಒಂದು ವ್ಯಾಗನ್ನಿಗೆ ಎಂಟು ಗಾಲಿ ಕಣಮ್ಮ. ಇದರಲ್ಲಿ ಎಷ್ಟು ನಮ್ಮ ಯಲಹಂಕದ್ದೋ!"

ಆಮೇಲೆ ಅರ್ಧ ಗಂಟೆ ಪಾಠ. ನಾನು ಆ ಕಾರ್ಖಾನೆಯ ಗೋಡೆಯ ಪಕ್ಕ ನೂರು ಸಲ ಬಸ್ಸಿನಲ್ಲಿ ಹೋಗಿದ್ದೇನೆ. ಒಳಗೆ ಏನಾಗುತ್ತದೆಂದು ಕೇಳಿರಲಿಲ್ಲ. 1984ರಲ್ಲಿ ಶುರುವಾದದ್ದು, ಹಳಬರಿಗೆ ಈಗಲೂ ಅದು 'ವೀಲ್ ಅಂಡ್ ಆಕ್ಸಲ್'. ಗುಜರಿ ಉಕ್ಕನ್ನು ವಿದ್ಯುತ್ ಕುಲುಮೆಯಲ್ಲಿ ಕರಗಿಸುತ್ತಾರೆ. ಕರಗಿದ ಉಕ್ಕನ್ನು ಮೇಲಿನಿಂದ ಹೊಯ್ಯುವುದಿಲ್ಲ. ಗಾಳಿಯ ಒತ್ತಡ ಕೊಟ್ಟು ಕೆಳಗಿನಿಂದ ಗ್ರಾಫೈಟ್ ಅಚ್ಚಿನೊಳಗೆ ಏರಿಸುತ್ತಾರೆ. "ಮೇಲಿಂದ ಹೊಯ್ದರೆ ಚೆಲ್ಲುತ್ತೆ, ಗಾಳಿ ಸೇರುತ್ತೆ. ಕೆಳಗಿಂದ ಏರಿದ್ರೆ ಸದ್ದಿಲ್ಲದೆ ತುಂಬುತ್ತೆ," ಎಂದು ಅಂಗೈಯನ್ನು ನಿಧಾನವಾಗಿ ಮೇಲೆತ್ತಿ ತೋರಿಸಿದರು. ದೇಶವೆಲ್ಲ ಸುತ್ತಿ ಸವೆದ ಗಾಲಿಗಳೂ ಗುಜರಿಯಾಗಿ ಅಲ್ಲಿಗೇ ವಾಪಸ್ಸು ಬರುತ್ತವಂತೆ. ಹಾವೇರಿಯ ಹುಡುಗ ಪ್ರಶ್ನೆಯ ಮೇಲೆ ಪ್ರಶ್ನೆ ಕೇಳಿದ. ನಿವೃತ್ತರಾದ ಮೇಲೆ ಅವರನ್ನು ಯಾರೂ ಇಷ್ಟು ಕೇಳಿರಲಾರರು. ಇಳಿಯುವಾಗ ಮಂಡಿಯ ಸುದ್ದಿಯನ್ನೇ ಎತ್ತಲಿಲ್ಲ.

ಇಳಿಯುವುದು ಹತ್ತುವುದಕ್ಕಿಂತ ಕಷ್ಟ. ಕಡಿದಾದ ಬಂಡೆಗಳ ಮೇಲೆ ನಾಲ್ವರೂ ಕೂತು ಜಾರಿದೆವು. ನನ್ನ ಪ್ಯಾಂಟಿನ ಹಿಂಭಾಗದ ಗತಿ ಇಲ್ಲಿ ಬೇಡ.

ಆಟೋ ಹಿಡಿದು ಘಾಟಿಗೆ ಬಂದರೆ ದನಗಳ ಜಾತ್ರೆ. ಪುಷ್ಯ ಮಾಸದ ಷಷ್ಠಿಯ ರಥೋತ್ಸವದ ಆಸುಪಾಸಿನಲ್ಲಿ ಇಲ್ಲಿ ಹಳ್ಳಿಕಾರ್ ಎತ್ತುಗಳ ವ್ಯಾಪಾರ ಜೋರು. ಚಪ್ಪರದ ಕೆಳಗೆ ಕೊಂಬಿಗೆ ಎಣ್ಣೆ ಸವರಿಸಿಕೊಂಡು ನಿಂತ ಜೋಡಿಗಳು. ಬೆಲೆ ಕೂಗುವವರೇ ಇಲ್ಲ; ಟವೆಲ್ಲಿನ ಕೆಳಗೆ ಕೈ ಸೇರಿಸಿ ಬೆರಳು ಹಿಡಿದು ವ್ಯಾಪಾರ. ನಮ್ಮ ಹುಡುಗಿ ನೇರ ಹೋಗಿ ಒಂದು ಹೋರಿಯ ತುಟಿ ಬಿಡಿಸಿ, "ನಾಲ್ಕು ಹಲ್ಲು, ಇನ್ನೂ ಬಾಯಿ ಕೂಡಿಲ್ಲ" ಅಂದಳು. ಮಾಲೀಕ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಯಾವೂರವ್ವ ನಿಂದು?" ಎಂದು ಬೀಡಿ ಆರಿಸಿದ. ಅಲ್ಲಿಂದ ಮುಂದೆ ನಮಗೆ ರಾಜಮರ್ಯಾದೆ. ಅವರ ಒಲೆಯ ಮೇಲಿದ್ದ ಅವರೆಕಾಳಿನ ಸಾರೂ ಮುದ್ದೆಯೂ ಸಿಕ್ಕವು. ದೇವಸ್ಥಾನದಲ್ಲಿ ಸುಬ್ರಹ್ಮಣ್ಯನ ಬೆನ್ನ ಹಿಂದಿನ ನರಸಿಂಹನನ್ನು ಕನ್ನಡಿಯಲ್ಲಿ ನೋಡಿ ಬಸ್ಸು ಹತ್ತಿದೆವು. ದೊಡ್ಡಬಳ್ಳಾಪುರದಲ್ಲಿ ಬಸ್ಸು ಬದಲಿಸಬೇಕು. ಅಲ್ಲಿಯ ಬೀದಿಗಳಲ್ಲಿ ಭಾನುವಾರವೂ ಮಗ್ಗದ ಸದ್ದು.

ಯಲಹಂಕದಲ್ಲಿ ಸಾರ್ ಇಳಿದರು. ಕೊಡಿಗೇಹಳ್ಳಿ ಗೇಟಿನಲ್ಲಿ ಹುಡುಗಿ. ಹೆಬ್ಬಾಳದಲ್ಲಿ ನಾನು ಆರ್.ಟಿ. ನಗರದ ಕಡೆ, ಹಾವೇರಿಯವನು ರಿಂಗ್ ರೋಡಿನ ಕಡೆ. 'ಮತ್ತೆ ಸಿಗೋಣ' ಎಂದು ಯಾರೂ ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ಮುಂದಿನ ವಾರವೇ ಜಕ್ಕೂರು ಕೆರೆಯ ಏರಿಯ ಮೇಲೆ ಸಾರ್ ಮೊಮ್ಮಗನ ಜೊತೆ ಎದುರಾದರು. ಹುಡುಗಿ ಜಿಕೆವಿಕೆಯಲ್ಲಿ ಬೆಳೆದ ಸೊಪ್ಪು ಹಿಡಿದು ಮನೆಗೇ ಬಂದಳು. ಈ ಕಡೆಯ ಬಸ್ಸುಗಳೆಲ್ಲ ಹೆಬ್ಬಾಳದಲ್ಲಿ ಒಂದಾಗುವುದರಿಂದ, ಹಾವೇರಿಯವನು ಅಲ್ಲಿ ನಿಂತು ಬಸ್ಸು ಬರದ ಸಂಕಟಕ್ಕೆ ನನಗೆ ಫೋನ್ ಹಚ್ಚುವುದು ರೂಢಿಯಾಯಿತು.

ಯುಗಾದಿಯ ಹೊತ್ತಿಗೆ ಹುಡುಗಿ ಪಿ.ಜಿ. ಬಿಟ್ಟು ಯಲಹಂಕದಲ್ಲಿ ಮೂರನೆಯ ಮಹಡಿಯ ಒಂದು ಸಿಂಗಲ್ ರೂಮು ಹಿಡಿದಳು. ಲಿಫ್ಟಿಲ್ಲ. ಹಾಸಿಗೆಯನ್ನು ಹಾವೇರಿಯವನು ತಲೆಯ ಮೇಲಿಟ್ಟುಕೊಂಡ, ಈ ಸಲವೂ ಬರಿಗಾಲಲ್ಲಿ. ಗ್ಯಾಸ್ ಸ್ಟವ್ ನನ್ನ ಕೈಲಿ. ಪುಸ್ತಕದ ಚೀಲ ಹಿಡಿದ ಸಾರ್ ಎಲ್ಲರಿಗಿಂತ ಹಿಂದೆ, ಪ್ರತಿ ಮಹಡಿಯಲ್ಲೂ ನಿಂತು ಮೆಟ್ಟಿಲಿನ ಎತ್ತರ ಸರಿಯಿಲ್ಲವೆಂದು ಕಟ್ಟಿದವನನ್ನು ಬೈಯುತ್ತಾ ಬಂದರು. ಮನೆ ಓನರ್ ಹೆಂಗಸು ಬಾಗಿಲಲ್ಲಿ ನಿಂತು ನಮ್ಮನ್ನು ಒಬ್ಬೊಬ್ಬರಾಗಿ ಅಳೆದರು.

"ಒಬ್ಳೇ ಇರೋದು ಅಂದಿದ್ದೆ. ಇವ್ರೆಲ್ಲ ಯಾರಮ್ಮ?"

ಹುಡುಗಿ ಬಾಯಿ ತೆರೆಯುವುದರೊಳಗೆ ಹಾಸಿಗೆಯ ಕೆಳಗಿನಿಂದ ಉತ್ತರ ಬಂತು:

"ನಾವು ಹಮಾಲರ್ರಿ ಅಕ್ಕಾರ. ಕೂಲಿ ಇನ್ನಾ ಮಾತಾಡಿಲ್ಲ."