ಒಂದು ಹಿಡಿ ತೆನೆ

"ನಿಮ್ಮವರಿಗೆ ಹಬ್ಬವೆಂದರೆ ಕ್ರಿಸ್‌ಮಸ್ ಒಂದೇ ಅಲ್ಲವೇ?" ಎಂದು ನನ್ನ ಸಹಪಾಠಿಯೊಬ್ಬರು ಕಳೆದ ವರ್ಷ ಕೇಳಿದರು. ಕೇಳಿದ್ದರಲ್ಲಿ ತಪ್ಪೇನೂ ಇಲ್ಲ. ಪೇಟೆಯ ಅಂಗಡಿಗಳಲ್ಲಿ ನಕ್ಷತ್ರ ತೂಗುವುದು ಡಿಸೆಂಬರಿನಲ್ಲಿ ಮಾತ್ರ. ಆದರೆ ದಕ್ಷಿಣ ಕನ್ನಡದ ಕೆಥೋಲಿಕರ ಮನೆಯ ಮಕ್ಕಳನ್ನು ಕೇಳಿ ನೋಡಿ. ಸೆಪ್ಟೆಂಬರ್ 8ನ್ನು ಅವರು ಮರೆಯುವುದಿಲ್ಲ. ಅದು ಮೇರಿ ಮಾತೆಯ ಹುಟ್ಟುಹಬ್ಬ, ನಮ್ಮ ಬಾಯಲ್ಲಿ ಮೊಂತಿ ಹಬ್ಬ. ಪೋರ್ಚುಗೀಸರ ಮಾತಿನಲ್ಲಿ 'ಮೊಂತೆ' ಎಂದರೆ ಗುಡ್ಡ; ನೇತ್ರಾವತಿಯ ದಡದ ಫರಂಗಿಪೇಟೆಯಲ್ಲಿ ಮೊಂತೆ ಮರಿಯಾನೊ ಎಂಬ ಇಗರ್ಜಿಯ ಗುಡ್ಡವಿದೆ, ಹೆಸರು ಅಲ್ಲಿಂದ ಬಂದದ್ದು. ನಮಗೆ ಮಾತ್ರ ಅದು ಹೊಸ ತೆನೆಯ ಹಬ್ಬ.

ಆಗಸ್ಟ್ 30ರಿಂದ ಒಂಬತ್ತು ದಿನ ಮಕ್ಕಳು ತಟ್ಟೆ ತುಂಬ ಹೂ ಹೊತ್ತು ಇಗರ್ಜಿಗೆ ಹೋಗುತ್ತಾರೆ, ಹಾಡುತ್ತ ಮಾತೆಯ ಪ್ರತಿಮೆಗೆ ಅರ್ಪಿಸುತ್ತಾರೆ. ಕೊಂಡು ತಂದ ಹೂವಿಗೆ ಅಲ್ಲಿ ಮರ್ಯಾದೆ ಇಲ್ಲ. ಬೇಲಿಯ ದಾಸವಾಳ, ಗುಡ್ಡೆಯ ಕೇಪಳ, ಪೊದೆಯೊಳಗಿಂದ ಬೆಂಕಿಯ ನಾಲಗೆಯಂತೆ ತಲೆ ಎತ್ತುವ ಗೌರಿಹೂ, ಇಂಥವೇ ಬೇಕು. ತಮ್ಮನಿಗಾಗಿ ನಾನೂ ಬೆಳಗಿನ ಜಾವ ಮಳೆಯಲ್ಲಿ ನೆನೆದುಕೊಂಡು ಗುಡ್ಡೆ ಹತ್ತಿದ್ದುಂಟು. ಜಿಗಣೆ ಹತ್ತಿಸಿಕೊಂಡು ಇಳಿದದ್ದೂ ಉಂಟು. ಒಂಬತ್ತು ದಿನ ಮುಗಿದು ಹಬ್ಬ ಬಂತೆಂದರೆ ಪಾದ್ರಿಗಳು ಹೊಸ ತೆನೆಯನ್ನು ಆಶೀರ್ವದಿಸಿ ಮನೆಮನೆಗೆ ಹಂಚುತ್ತಾರೆ. ಮೀನಿಲ್ಲದೆ ತುತ್ತು ಇಳಿಯದ ನಮ್ಮ ಮನೆಯಲ್ಲಿಯೂ ಆ ಒಂದು ದಿನ ಬಾಳೆಲೆಯ ಮೇಲೆ ಬರೀ ತರಕಾರಿ. ಅದೂ ಬೆಸ ಲೆಕ್ಕದಲ್ಲಿ, ಐದೋ ಏಳೋ ಒಂಬತ್ತೋ.

ನಮ್ಮ ಇಗರ್ಜಿಗೆ ಹೋಗುವ ತೆನೆಯಲ್ಲಿ ಒಂದು ಹೊರೆ ನಮ್ಮ ಗದ್ದೆಯದು. ಹೀಗೆಂದು ಹೇಳಿಕೊಳ್ಳುವುದು ಅಜ್ಜಿಗೆ ದೊಡ್ಡ ಹೆಮ್ಮೆ. ಅದು ಅಜ್ಜ ಗೇಣಿಗೆ ಉತ್ತ ಗದ್ದೆ. 1974ರ ಭೂಸುಧಾರಣೆಯ ಕಾಯಿದೆ ಬಂದಾಗ ಡಿಕ್ಲರೇಶನ್ ಕೊಟ್ಟು ಪಡೆದುಕೊಂಡದ್ದು. ಅಜ್ಜ ಪಡೆದದ್ದನ್ನು ಅಪ್ಪ ಮೂರು ವರ್ಷದ ಹಿಂದೆ ಮಣ್ಣು ತುಂಬಿಸಿ ಅಡಿಕೆ ತೋಟ ಮಾಡಿದರು. ಅಪ್ಪನನ್ನು ದೂರಲಾರೆ. ನೇಜಿ ನೆಡಲು ಆಳು ಸಿಕ್ಕುವುದಿಲ್ಲ, ಸಿಕ್ಕಿದರೂ ಕೂಲಿ ಕೊಟ್ಟು ಉಳಿಯುವುದು ಬೈಹುಲ್ಲು ಮಾತ್ರ. ನನ್ನ ಕಾಲೇಜಿನ ಫೀಸೂ ಅಲ್ಲಿಂದಲೇ ಹುಟ್ಟಬೇಕು. ಆದರೆ ಗದ್ದೆ ಎತ್ತರವಾದೊಡನೆ ಮೇಲಿನ ಗದ್ದೆಯ ನೀರಿಗೆ ದಾರಿ ಇಲ್ಲದಾಯಿತು. ಆ ಗದ್ದೆ ಆಚೆಮನೆಯವರದು. ಆಟಿಯ ಮಳೆಗೆ ಅವರ ಅರ್ಧ ಬೆಳೆ ಕೊಳೆತು ಹೋಯಿತು. "ತೋಡು ಬಿಡಿಸಿಕೊಡಿ" ಎಂದು ಅವರು ಬಂದರು. "ನನ್ನ ಜಾಗದಲ್ಲಿ ನನಗೆ ಬೇಕಾದ್ದನ್ನು ಮಾಡುತ್ತೇನೆ" ಎಂದರು ಅಪ್ಪ. ಅಲ್ಲಿಗೆ ಎರಡು ಮನೆಗಳ ಮಾತು ನಿಂತಿತು.

ಮೊದಲ ಎರಡು ವರ್ಷ ಅಮ್ಮ ಹೇಗೋ ತವರಿನಿಂದ ತೆನೆ ತರಿಸಿದರು. ಈ ಸಲ ಅಲ್ಲಿಯೂ ಗದ್ದೆ ಇಲ್ಲ. ಹಬ್ಬಕ್ಕೆ ನಾಲ್ಕು ದಿನ ಇರುವಾಗ ಅಮ್ಮ ನನ್ನನ್ನು ಅಡಿಗೆಮನೆಗೆ ಕರೆದು, ಅಪ್ಪನಿಗೆ ಕೇಳದಂತೆ, "ಆಚೆಮನೆಗೆ ಹೋಗಿ ಒಂದು ಹಿಡಿ ತೆನೆ ಕೇಳಿ ಬಾ" ಎಂದರು.

ಹೋದೆ. ಆ ಮನೆಯ ಅಜ್ಜ ಜಗಲಿಯಲ್ಲಿ ಕುಳಿತು ಎಲೆಗೆ ಸುಣ್ಣ ಸವರುತ್ತಿದ್ದರು. ವಿಷಯ ಹೇಳಿದೆ. ಅವರು ಎಲೆಯಿಂದ ಕಣ್ಣೆತ್ತದೆ ತುಳುವಿನಲ್ಲಿ, "ಕಳುಹಿಸಿದ್ದು ಬಾಯಮ್ಮನೋ, ಪೊರ್ಬುಗಳೋ?" ಎಂದು ಕೇಳಿದರು. (ನಮ್ಮವರನ್ನು ತುಳುನಾಡಿನಲ್ಲಿ ಪೊರ್ಬುಗಳೆಂದು ಕರೆಯುವುದು ವಾಡಿಕೆ.)

"ಅಪ್ಪನೇ" ಎಂದುಬಿಟ್ಟೆ.

ಒಂಬತ್ತು ದಿನದ ಪ್ರಾರ್ಥನೆಯ ನಡುವೆ, ಅದೂ ಮಾತೆಯ ತೆನೆಗಾಗಿ, ಅಷ್ಟು ಸಲೀಸಾಗಿ ಸುಳ್ಳು ಹೇಗೆ ಬಂತೋ ಕಾಣೆ. ಅಜ್ಜ ಸ್ವಲ್ಪ ಹೊತ್ತು ಸುಮ್ಮನಿದ್ದು, "ಈಗ ಕೊಯ್ದರೆ ಬಾಡುತ್ತದೆ ಮಗಾ. ಏಳನೇ ತಾರೀಕು ಸಂಜೆ ಬಾ" ಎಂದರು. ಆ ಸಂಜೆ ಮೆಟ್ಟನ್ನು ಕಟ್ಟಪುಣಿಯಲ್ಲಿ ಬಿಟ್ಟು ತಾವೇ ಗದ್ದೆಗಿಳಿದು, ಕೊಳೆಯದೆ ಉಳಿದಿದ್ದ ಮೂಲೆಯಿಂದ ಕೊಯ್ದು ಕೊಟ್ಟರು. ಅವರ ಮನೆಯಲ್ಲಿಯೂ ತೆನೆ ಕಟ್ಟುವ ಕ್ರಮವುಂಟು. ಮಾವು, ಹಲಸು, ಬಿದಿರಿನ ಎಲೆಗಳೊಡನೆ ಬಾಗಿಲಿಗೆ ಕಟ್ಟುತ್ತಾರೆ. "ನಮಗೂ ಇಲ್ಲಿಯದೇ, ನಿಮಗೂ ಇಲ್ಲಿಯದೇ" ಎಂದರು. ನಾನು ತಲೆ ತಗ್ಗಿಸಿಕೊಂಡು ಬಂದೆ.

ಹಬ್ಬದ ಮಧ್ಯಾಹ್ನ ಅಮ್ಮ ಆಶೀರ್ವಾದದ ಕಾಳನ್ನು ಸುಲಿದು ಅರೆದು ತೆಂಗಿನ ಹಾಲಿಗೆ ಬೆರೆಸಿದರು. ಮುಂಬಯಿಯ ಚಿಕ್ಕಪ್ಪನಿಗೆಂದು ನಾಲ್ಕು ಕಾಳು ಲಕೋಟೆಗೆ ಹೋಯಿತು. ಪ್ರಾರ್ಥನೆ ಮುಗಿಸಿ ಅಪ್ಪ ಮೊದಲು ಅಜ್ಜಿಗೆ, ಆಮೇಲೆ ನಮಗೆಲ್ಲ ಹಂಚಿದರು. ತಮ್ಮ ಲೋಟವನ್ನು ಬಾಯಿಗೆ ಹಿಡಿಯುವ ಮುನ್ನ, "ಈ ವರ್ಷ ಯಾರ ಗದ್ದೆಯದು?" ಎಂದರು.

ಅಮ್ಮ ಬಡಿಸುವ ಸೌಟನ್ನೇ ನೋಡುತ್ತಿದ್ದರು. ನಾನು ಎಲ್ಲವನ್ನೂ ಹೇಳಿದೆ: ಹೋದದ್ದು, ಅವರು ಕೇಳಿದ್ದು, ನಾನು ಸುಳ್ಳಾಡಿದ್ದು. ಸುಳ್ಳನ್ನು ಪಾದ್ರಿಗಳ ಮುಂದೆ ಹೇಳಿಕೊಳ್ಳುತ್ತೇನೆಂದೂ ಸೇರಿಸಿದೆ. ಅಜ್ಜಿ ಶಿಲುಬೆಯ ಗುರುತು ಮಾಡಿಕೊಂಡರು. ಬೈಗುಳ ಬರುವುದೆಂದು ನಾನು ಕಾದೆ. ಅಪ್ಪ ಲೋಟವನ್ನು ಬರಿದು ಮಾಡಿ ಕೆಳಗಿಟ್ಟರು.

"ಕೇಳಿದ್ದು ನಾನೇ ಅಂತ ಇರಲಿ" ಎಂದರು.

ಊಟದಲ್ಲಿ ಮತ್ತೆ ಆ ಮಾತು ಬರಲಿಲ್ಲ. ಹರಿವೆಗೆ ಉಪ್ಪು ಹೆಚ್ಚಾಯಿತೆಂದು ತಮ್ಮ ತಕರಾರು ತೆಗೆದ. ಎಲ್ಲರಿಗೂ ಅದೇ ಒಂದು ಉಪಕಾರವಾಯಿತು. ಮರುದಿನ ಬೆಳಿಗ್ಗೆ ಅಪ್ಪ ಹಾರೆಯನ್ನು ಹೆಗಲಿಗಿಟ್ಟುಕೊಂಡು ತೋಟದ ಮೇಲಿನ ಅಂಚಿನ ಕಡೆಗೆ ಹೋಗುತ್ತಿದ್ದರು. ಹಿಂದೆಯೇ ಹೋಗಿ ನೋಡಬೇಕೆಂದು ಮನಸ್ಸಾಯಿತು. ಆದರೆ ನನ್ನ ಬಸ್ಸು ತಿರುವಿನಲ್ಲಿ ಹಾರನ್ನು ಹಾಕಿಯಾಗಿತ್ತು.